ಕರುಳು ತೂತಾಗಿ ಆಪರೇಷನ್ ಆದ್ರೆ ರಿಸ್ಕ್ ಎಷ್ಟಿದೆ ಅಂತ ತಿಳ್ಕೊಳ್ಳೋದು ಹೇಗೆ

ಕರುಳು ತೂತಾಗಿದೆ, ಈಗ್ಲೇ ಆಪರೇಷನ್ ಮಾಡ್ಬೇಕು ಅಂತ ಡಾಕ್ಟರ್ ಅಂದ ತಕ್ಷಣ ಮನೆಯವರು ಕೇಳೋದು ಒಂದೇ, "ಜೀವಕ್ಕೇನೂ ತೊಂದ್ರೆ ಇಲ್ವಾ?" ಅಂತ. ಇದಕ್ಕೆ ಯಾವ ಸರ್ಜನ್ನೂ ಸಲೀಸಾಗಿ ಉತ್ತರ ಕೊಡಲ್ಲ, ಯಾಕಂದ್ರೆ ತೂತು ಮುಚ್ಚೋದು ಅಂಥ ದೊಡ್ಡ ಕೆಲಸ ಅಲ್ಲ, ಕರುಳಲ್ಲಿದ್ದ ಗಲೀಜು ಹೊಟ್ಟೆ ತುಂಬ ಹರಡಿ ಎಷ್ಟು ಹೊತ್ತಾಯ್ತು, ಆ ನಂಜು ತಡ್ಕೊಳ್ಳೋ ಶಕ್ತಿ ಮೈಗೆ ಎಷ್ಟಿದೆ ಅನ್ನೋದ್ರ ಮೇಲೆ ಎಲ್ಲ ನಿಂತಿರುತ್ತೆ.

ಅದಕ್ಕೇ ಮೊದಲು ಟೈಮ್ ನೆನಪು ಮಾಡ್ಕೊಳ್ಳಿ. ನೋವು ಶುರುವಾಗಿ 24 ಗಂಟೆ ದಾಟಿದ್ರೆ ರಿಸ್ಕ್ ಏರುತ್ತೆ, "ನಿನ್ನೆಯಿಂದ" ಅಂದ್ರೆ ಸಾಲದು, ಎಷ್ಟು ಗಂಟೆಗೆ ಅಂತ ಹೇಳಿ. ಅಲ್ಸರ್ (ಹೊಟ್ಟೆ ಇಲ್ಲಾ ಸಣ್ಣ ಕರುಳಿನ ಶುರುವಲ್ಲಾಗೋ ಹುಣ್ಣು) ಒಡೆದಾಗ ಕೆಲವರಿಗೆ ಮೊದಲು ಜೋರಾಗಿ ನೋವು ಬಂದು ಆಮೇಲೆ ಸ್ವಲ್ಪ ಹೊತ್ತು ಕಮ್ಮಿ ಆದಂಗೆ ಅನ್ಸುತ್ತೆ, ಗ್ಯಾಸ್ ಇರ್ಬೇಕು ಬಿಡು ಅಂತ ಮಾತ್ರೆ ನುಂಗಿ ಮಲಗೋದು ಆವಾಗ್ಲೇ.

ಆಮೇಲೆ ಹಳೇ ಕಾಯಿಲೆಗಳು. ಶುಗರ್, ಹಾರ್ಟು, ಕಿಡ್ನಿ, ಲಿವರ್, ಕ್ಯಾನ್ಸರ್ ಏನಿದ್ರೂ ಮುಚ್ಚಿಡ್ಬೇಡಿ, ಸಿಗರೇಟು ಕುಡಿತಾನೂ ಅಷ್ಟೇ. ಸ್ಟೀರಾಯ್ಡ್ ಅಂತೂ ತಪ್ಪದೇ ಹೇಳಿ, ಅದು ಹೊಟ್ಟೆನೋವು ಜ್ವರ ಎರಡನ್ನೂ ಅಡಗಿಸಿಬಿಡುತ್ತೆ, ಗಾಯಾನೂ ಬೇಗ ಕೂಡಲ್ಲ. ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಸ್ಟ್ರಿಪ್ಪನ್ನೇ ತಗೊಂಡು ಹೋಗಿ.

ಡಾಕ್ಟ್ರುಗಳು ಸುಮ್ನೆ ಅಂದಾಜು ಹೊಡೆಯಲ್ಲ, ಸ್ಕೋರ್ ಇದೆ. ಅಲ್ಸರ್ ತೂತಿಗೆ ಬೋಯಿ ಸ್ಕೋರ್ ಅಂತ ಒಂದು, ಅದ್ರಲ್ಲಿ ಮೂರೇ ಪ್ರಶ್ನೆ: ಬರೋವಾಗ ಮೇಲಿನ ಬಿಪಿ 90ಕ್ಕಿಂತ ಕಮ್ಮಿ ಇತ್ತಾ, ಬೇರೆ ದೊಡ್ಡ ಕಾಯಿಲೆ ಇದ್ಯಾ, 24 ಗಂಟೆ ದಾಟಿದ್ಯಾ. ಮೂರಕ್ಕೂ ಹೌದು ಅಂದ್ರೆ ಪರಿಸ್ಥಿತಿ ತುಂಬ ಗಂಭೀರ. ಹೊಟ್ಟೆ ಒಳಗೆ ನಂಜು ಹರಡಿದಾಗ ರಿಸ್ಕ್ ಅಳೆಯೋ ಇನ್ನೊಂದು ಸ್ಕೋರ್ ಮ್ಯಾನ್‌ಹೈಮ್ ಇಂಡೆಕ್ಸ್, ಅದ್ರಲ್ಲಿ ವಯಸ್ಸು 50 ದಾಟಿದ್ರೆ 5 ಪಾಯಿಂಟ್, ಅದೇ ಹೊಟ್ಟೆ ಒಳಗೆ ಮಲ ಹರಡಿದ್ರೆ 12. ಅಂದ್ರೆ ವಯಸ್ಸಿಗಿಂತ ಗಲೀಜೇ ಭಾರ. ಹಾಗಾಗಿ ಆಪರೇಷನ್ ಮುಗಿಸಿ ಸರ್ಜನ್ ಹೊರಗೆ ಬಂದಾಗ "ಸಕ್ಸಸ್ ಆಯ್ತಾ" ಅನ್ನೋ ಬದಲು ತೂತು ಎಲ್ಲಿತ್ತು, ಒಳಗೆ ಏನು ತುಂಬಿತ್ತು, ನೀರಾ ಕೀವಾ ಮಲಾನಾ ಅಂತ ಕೇಳಿ. ಸ್ಟೋಮಾ (ಕರುಳಿನ ತುದಿನ ಹೊಟ್ಟೆ ಮೇಲೆ ಹೊರಗೆ ತಂದು ಮಲ ಚೀಲಕ್ಕೆ ಬರೋ ಹಾಗೆ ಮಾಡೋದು) ಇಟ್ಟಿದ್ದಾರೆ ಅಂತ ಎಷ್ಟೋ ಜನ ಕಂಗಾಲಾಗ್ತಾರೆ, ನನ್ ಪ್ರಕಾರ ಕೀವು ತುಂಬಿದ ಹೊಟ್ಟೆಲಿ ಕರುಳು ಜೋಡಿಸಿ ಅದು ಬಿಟ್ಟುಹೋಗೋದಕ್ಕಿಂತ ಹೊರಗೊಂದು ಚೀಲ ಸಾವಿರ ಪಾಲು ವಾಸಿ.

ಐಸಿಯುನಲ್ಲಿದ್ದಾಗ ಯೂರಿನ್ ಎಷ್ಟು ಬರ್ತಿದೆ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತ ಪರೀಕ್ಷೆ) ಮತ್ತೆ ಲ್ಯಾಕ್ಟೇಟ್ (ಮೈಗೆ ರಕ್ತ, ಆಕ್ಸಿಜನ್ ಸಾಲ್ತಿಲ್ಲ ಅಂದ್ರೆ ಏರೋದು) ನಿನ್ನೆಗಿಂತ ಇಳಿದಿದ್ಯಾ, ಬಿಪಿಗೆ ಔಷಧಿ ಇನ್ನೂ ಬೇಕಾಗ್ತಿದ್ಯಾ ಅಂತ ದಿನಾ ಕೇಳಿ. ಒಂದು ದಿನದ ನಂಬರ್ ನೋಡಿ ಹೆದರೋದೂ ಬೇಡ, ಕುಣಿಯೋದೂ ಬೇಡ. ರಕ್ತದಲ್ಲಿರೋ ಆಲ್ಬುಮಿನ್ ಅನ್ನೋ ಪ್ರೋಟೀನ್ ಕಮ್ಮಿ ಇದ್ರೆ ಹೊಲಿಗೆ ಕೂಡೋದು ನಿಧಾನ.

ವಾರ್ಡಿಗೆ ಬಂದ್ರು ಅಂತ ಮೈಮರೀಬೇಡಿ. ಜೋಡಿಸಿದ ಕರುಳು ಲೀಕ್ ಆಗೋದು ಸಾಮಾನ್ಯವಾಗಿ ಐದರಿಂದ ಏಳನೇ ದಿನದ ಆಸುಪಾಸು. ಚೆನ್ನಾಗಿದ್ದೋರಿಗೆ ಮತ್ತೆ ಜ್ವರ, ನಾಡಿ ಜೋರು, ಉಸಿರು ಜೋರು, ಹೊಟ್ಟೆ ಉಬ್ಬರ, ಗೊಂದಲವಾಗಿ ಏನೇನೋ ಮಾತಾಡೋದು, ಡ್ರೈನ್ ಪೈಪಲ್ಲಿ (ಹೊಟ್ಟೆ ಒಳಗಿನ ನೀರು ಹೊರಗೆ ಹೋಗೋಕೆ ಇಟ್ಟಿರೋ ಪೈಪು) ಹಸಿರೋ ಕಂದೋ ಬಣ್ಣ, ಇದ್ರಲ್ಲಿ ಯಾವುದು ಕಂಡ್ರೂ ರೌಂಡ್ಸ್‌ಗೆ ಕಾಯ್ದೆ ನರ್ಸ್‌ನ ಕರೀರಿ. ಹೊಲಿಗೆಯಿಂದ ತಿಳಿ ಗುಲಾಬಿ ನೀರು ಬಂದು ಬ್ಯಾಂಡೇಜ್ ದಿಢೀರ್ ನೆನೆದ್ರೆ ಒಳಗಿನ ಪದರ ಬಿಡ್ತಿರಬಹುದು, ಅದೂ ಎಮರ್ಜೆನ್ಸಿನೇ.

ದಿಂಬು ಹೊಟ್ಟೆಗೆ ಒತ್ತಿ ಹಿಡ್ಕೊಂಡು ಕೆಮ್ಮಿಸಿ, ಡಾಕ್ಟರ್ ಹೂಂ ಅಂದ ದಿನದಿಂದಲೇ ನಡೆಸಿ, ನ್ಯುಮೋನಿಯಾ ಮತ್ತೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು ಎರಡನ್ನೂ ತಡೆಯೋಕೆ ಇದು ಒಳ್ಳೇದು. ಮನೆಗೆ ಹೋದ್ಮೇಲೆ ಜ್ವರ, ವಾಂತಿ, ಒಂದೇ ಕಾಲು ಊದಿಕೊಳ್ಳೋದು ಆದ್ರೆ ಫೋನಲ್ಲಿ ಮಾತ್ರೆ ಕೇಳ್ತಾ ಕೂರ್ದೆ ಸೀದಾ ಆಸ್ಪತ್ರೆಗೆ ಹೋಗಿ.