ಲೇಔಟ್ ಹಿಂದಿನ ಗುಡ್ಡಕ್ಕೆ ಸೈಕಲ್: ಗಾಳಿ, ಗೇರ್, ಬ್ರೇಕ್

ಚಿಕ್ಕಮಗಳೂರಿನಲ್ಲಿ ಗೇರ್ ಸೈಕಲ್ ಇಟ್ಟುಕೊಂಡವರನ್ನು ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ‘ಮುಳ್ಳಯ್ಯನಗಿರಿ ಹತ್ತಿದ್ರಾ?’ ಊರು ಇರೋದು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲೆ, ಗಿರಿಯ ತುದಿ ಸುಮಾರು 1,930. ನಡುವೆ 840 ಮೀಟರ್ ಏರು. ಆದರೆ ಆ ಏರು ಕೈಮರದಿಂದ ಆಚೆ ಡಾಂಬರು ರಸ್ತೆಯ ತಿರುವುಗಳಲ್ಲಿ ಹಂಚಿಹೋಗಿರುತ್ತೆ. ಉಸಿರು, ತಾಳ್ಮೆ ಎರಡಿದ್ದರೆ ಸಾಮಾನ್ಯ ಸೈಕಲ್ಲೂ ಹತ್ತುತ್ತೆ. ಸೈಕಲ್ಲಿನ ನಿಜವಾದ ಬಂಡವಾಳ ಬಯಲಾಗೋದು ಊರಂಚಿನ ಲೇಔಟ್ ಮುಗಿದು ಕಾಫಿ ತೋಟ, ಗೋಮಾಳ ಶುರುವಾಗುವಲ್ಲಿರುವ ಸಣ್ಣ ಗುಡ್ಡಗಳಲ್ಲಿ. ನಾನು ವಾರಕ್ಕೆ ಮೂರು ಬೆಳಗ್ಗೆ ಹೊಡೆಯುವ ಸುತ್ತಿನಲ್ಲಿ ಏರು ಇರೋದು 500 ಮೀಟರ್ ದೂರ, 75 ಮೀಟರ್ ಎತ್ತರ. ಅಂದರೆ ಸರಾಸರಿ ನೂರಕ್ಕೆ 15. ನಡುವೆ 40 ಮೀಟರ್‌ನಷ್ಟು ನೂರಕ್ಕೆ 22 ಇದೆ. ಹನ್ನೊಂದು ಸುತ್ತು ಹೊಡೆದರೆ ಲೆಕ್ಕದಲ್ಲಿ ಒಂದು ಮುಳ್ಳಯ್ಯನಗಿರಿ, ಕಾಲಿನ ಲೆಕ್ಕ ಬೇರೆಯೇ. ದಾರಿ ಖಾಸಗಿ ತೋಟದ ಅಂಚಿನಲ್ಲಿ, ಮಾಲೀಕರ ಒಪ್ಪಿಗೆಯ ಮೇಲೆ ಹೋಗುತ್ತೆ. ಅದಕ್ಕೇ ಜಾಗದ ಹೆಸರು ಬರೆಯೋದಿಲ್ಲ.

ಹೊಸ ದಾರಿ ಅಂದರೆ ಮೊದಲ ದಿನ ಸೈಕಲ್ ಕೆಳಗೇ ನಿಲ್ಲಿಸಿ ನಡೆದು ಹತ್ತುತ್ತೇನೆ. ಕೈಯಲ್ಲಿ ಒಂದು ಮೀಟರ್ ಉದ್ದದ ನೆಟ್ಟಗಿನ ಕೋಲು, ಜೇಬಿನಲ್ಲಿ ಟೇಪು. ಕೋಲಿನ ಒಂದು ತುದಿಯನ್ನು ಏರಿನ ಮೇಲ್ಭಾಗದ ನೆಲಕ್ಕೆ ಊರಿ, ಮೊಬೈಲಿನ ಲೆವೆಲ್ ಆಪ್ ಇಟ್ಟು ಕೋಲನ್ನು ಮಟ್ಟಸ ಮಾಡಿ, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅಂತ ಅಳೆದರೆ ಅದೇ ನೂರಕ್ಕೆ ಎಷ್ಟು ಏರು ಅನ್ನೋ ಅಂಕಿ. 22 ಸೆಂಟಿಮೀಟರ್ ಇದ್ದರೆ ನೂರಕ್ಕೆ 22. ಸವಾರಿ ಆಪ್‌ಗಳು ತೋರಿಸುವ ಏರು ಇಂಥ ಗಿಡ್ಡ ದಾರಿಗೆ ಪ್ರಯೋಜನಕ್ಕೆ ಬರೋದಿಲ್ಲ. ಮರದ ನೆರಳಲ್ಲಿ ಜಿಪಿಎಸ್ ಹಾರಾಡುತ್ತೆ, ಐವತ್ತು ಮೀಟರ್‌ನ ಕಡಿದನ್ನು ಅಕ್ಕಪಕ್ಕದ ಸಪಾಟಿನ ಜೊತೆ ಕಲಸಿಬಿಡುತ್ತೆ. ನಡೆಯುವಾಗಲೇ ಇಳಿಯುವಾಗ ಬ್ರೇಕ್ ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಅಂತ ಜಾಗ ಗುರುತು ಮಾಡಿಕೊಳ್ಳಬೇಕು: ಒಂದು ಸಿಲ್ವರ್ ಓಕ್ ಮರ, ಒಂದು ಬಿಳಿ ಕಲ್ಲು, ಏನಾದರೂ ಸರಿ.

ಇನ್ನು ಟೈರಿನ ಗಾಳಿ. ಹತ್ತಲಾಗದವರಲ್ಲಿ ಮುಕ್ಕಾಲು ಪಾಲು ಜನರ ತೊಂದರೆ ಇಲ್ಲೇ ಅಂತ ನನ್ನ ಅಂದಾಜು. ಪಂಕ್ಚರ್ ಅಂಗಡಿಯಲ್ಲಿ ‘ಫುಲ್ ಹೊಡೀರಿ’ ಅಂದರೆ ಕಲ್ಲಿನ ಹಾಗೆ ತುಂಬಿಸಿ ಕೊಡುತ್ತಾರೆ. ಡಾಂಬರಿಗೆ ಅದು ಸರಿ. ನಮ್ಮ ಗುಡ್ಡಗಳಲ್ಲಿ ಗಟ್ಟಿಯಾದ ಕೆಂಪು ನೆಲದ ಮೇಲೆ ಕಡಲೆಕಾಳಿನ ಗಾತ್ರದ ಗರಸು ಹರಡಿಕೊಂಡಿರುತ್ತೆ. ಗಟ್ಟಿ ಟೈರು ಅದರ ಮೇಲೆ ಗೋಲಿ ಮೇಲೆ ನಿಂತ ಹಾಗೆ ಜಾರುತ್ತೆ. ಮೆತ್ತಗಿನ ಟೈರು ಕಾಳುಗಳ ಸುತ್ತ ಬಗ್ಗಿ ಕೆಳಗಿನ ಗಟ್ಟಿ ನೆಲವನ್ನೂ ಮುಟ್ಟುತ್ತೆ. ನನ್ನ ತೂಕ 70 ಕಿಲೋ, ಸೈಕಲ್ 14. ಟೈರು 29 ಇಂಚು, 2.3 ಅಗಲ. ಟ್ಯೂಬ್ ಇದ್ದಾಗ ಮುಂದೆ 27, ಹಿಂದೆ 30 ಪಿಎಸ್‌ಐ ಇಡುತ್ತಿದ್ದೆ (ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ). ಟ್ಯೂಬ್‌ಲೆಸ್ ಮಾಡಿದ ಮೇಲೆ ಮುಂದೆ 21, ಹಿಂದೆ 24. ತೂಕ ಹತ್ತು ಕಿಲೋ ಹೆಚ್ಚಿದ್ದವರು ಎರಡೆರಡು ಪಿಎಸ್‌ಐ ಸೇರಿಸಿ ಶುರು ಮಾಡಬಹುದು. ಆಮೇಲೆ ಅದೇ ಕಡಿದಾದ ಜಾಗದಲ್ಲಿ ಕೂತೇ ತುಳಿದು ನೋಡಬೇಕು. ಹಿಂದಿನ ಚಕ್ರ ಸುಮ್ಮನೆ ಸುತ್ತಿದರೆ ಒಂದು ಪಿಎಸ್‌ಐ ಇಳಿಸಿ, ಇಳಿಯುವಾಗ ರಿಮ್ ಕಲ್ಲಿಗೆ ‘ಟಣ್’ ಅಂತ ಬಡಿದರೆ ಎರಡು ಏರಿಸಿ. ಟ್ಯೂಬ್ ಇರುವ ಚಕ್ರದಲ್ಲಿ ಆ ‘ಟಣ್’ ಅಂದರೆ ಟ್ಯೂಬು ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತು. ಒಂದಕ್ಕೇ ಪ್ಯಾಚ್ ಹಾಕಿ ‘ಇನ್ನೂ ಗಾಳಿ ಹೋಗ್ತಿದೆ’ ಅಂತ ಒದ್ದಾಡುವವರು ಎರಡನೇದನ್ನು ನೋಡಿರೋದಿಲ್ಲ. ಒಂದೇ ಗೇಜಿನಲ್ಲಿ ಅಳೆಯುತ್ತಾ ಹೋಗಿ. ಬೇರೆ ಪಂಪು ಎರಡು ಮೂರು ಪಿಎಸ್‌ಐ ಆಚೀಚೆ ತೋರಿಸೋದು ಮಾಮೂಲು, ಈ ಆಟದಲ್ಲಿ ಎರಡು ಪಿಎಸ್‌ಐ ಅಂದರೆ ಬಹಳ. ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇದ್ದರೆ ಹಿತ್ತಾಳೆ ಅಡಾಪ್ಟರ್ ಒಂದನ್ನು ಸದಾ ಚೀಲದಲ್ಲಿಡಿ. ಊರಿನ ಕಂಪ್ರೆಸರ್‌ಗಳ ಮೂತಿ ಬೈಕು, ಕಾರಿನ ವಾಲ್ವಿಗೆ ಮಾತ್ರ ಹೊಂದುತ್ತೆ.

ಟ್ಯೂಬ್‌ಲೆಸ್ ಮನೆಯಲ್ಲೇ ಮಾಡಬಹುದು, ಆದರೆ ರಿಮ್ಮೂ ಟೈರೂ ಎರಡೂ ಅದಕ್ಕೆ ತಯಾರಾದವೇ ಆಗಿರಬೇಕು. ರಿಮ್ ಒಳಭಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ ಪೂರ್ತಿ ಒಣಗಿಸಿ. ರಿಮ್ಮಿನ ಒಳ ಅಗಲಕ್ಕಿಂತ ಎರಡು ಮೂರು ಮಿಲಿಮೀಟರ್ ಅಗಲದ ಟೇಪನ್ನು ವಾಲ್ವ್ ತೂತಿಗಿಂತ ಒಂದು ಗೇಣು ಹಿಂದಿನಿಂದ ಶುರುಮಾಡಿ, ಬಿಗಿಯಾಗಿ ಎಳೆಯುತ್ತಾ ಸುತ್ತಿ, ತೂತು ದಾಟಿ ಇನ್ನೊಂದು ಗೇಣು ಮುಂದಕ್ಕೆ ಮುಗಿಸಿ. ವಾಲ್ವಿಗೆ ತೂತು ಮಾಡಲು ಬ್ಲೇಡ್ ಬೇಡ, ಸೀಳು ಬೆಳೆಯುತ್ತಾ ಹೋಗುತ್ತೆ. ಕಾಯಿಸಿದ ದಬ್ಬಳ ಒತ್ತಿದರೆ ದುಂಡಗಿನ ತೂತು, ಅಂಚು ಕರಗಿ ಗಟ್ಟಿಯಾಗುತ್ತೆ. ಟೈರಿನ ಅಂಚಿಗೆ ಸೋಪು ನೀರು ಸವರಿ, ವಾಲ್ವಿನ ಒಳತಿರುಳು ಬಿಚ್ಚಿ ಒಂದೇ ಉಸಿರಿಗೆ ಗಾಳಿ ಹೊಡೆದರೆ ‘ಟಪ್ ಟಪ್’ ಅಂತ ಕೂರುತ್ತೆ. ಇಲ್ಲಿ ಮಾತ್ರ ಪಂಕ್ಚರ್ ಅಂಗಡಿಯ ಕಂಪ್ರೆಸರ್ ದೇವರಂಥದ್ದು. ಆದರೆ ಟೈರಿನ ಮೇಲೆ ಬರೆದ ಮಿತಿ ದಾಟದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ಆಮೇಲೆ ಒಂದೊಂದು ಚಕ್ರಕ್ಕೆ 100 ಮಿಲಿ ಸೀಲೆಂಟ್ (ಸಣ್ಣ ತೂತು ತಾನೇ ಮುಚ್ಚುವ ದ್ರವ) ಹಾಕಿ, ಅಲುಗಾಡಿಸಿ, ಒಂದೊಂದು ಮಗ್ಗುಲಿಗೆ ಅರ್ಧರ್ಧ ಗಂಟೆ ಮಲಗಿಸಿ. ಬೇಸಿಗೆಯಲ್ಲಿ ಅದು ಎರಡು ಮೂರು ತಿಂಗಳಿಗೆ ಒಣಗಿ ಒಳಗೆ ರಬ್ಬರಿನ ಹಪ್ಪಳ ಆಗಿರುತ್ತೆ. ಚಕ್ರ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ‘ಕುಳುಕುಳು’ ಕೇಳದಿದ್ದರೆ ಮತ್ತೆ 60 ಮಿಲಿ.

ಗೇರ್ ವಿಷಯದಲ್ಲಿ ಹೊಸ ಸೈಕಲ್ ಕೊಳ್ಳುವ ಮೊದಲು ಒಂದು ಭಾಗಾಕಾರ ಮಾಡಿ: ಚೈನ್ ಕೂರುವ ಹಲ್ಲುಚಕ್ರಗಳಲ್ಲಿ ಮುಂದಿನ ಅತಿ ಸಣ್ಣದರ ಹಲ್ಲು ಭಾಗಿಸು ಹಿಂದಿನ ಅತಿ ದೊಡ್ಡದರ ಹಲ್ಲು. ಅಂಕಿ ಸಣ್ಣದಾದಷ್ಟೂ ತುಳಿತ ಹಗುರ. ಈಗಿನ 32ಕ್ಕೆ 50 ಜೋಡಿ ಅಂದರೆ 0.64. ಮುಂದೆ ಮೂರು ಹಲ್ಲುಚಕ್ರ ಇರುವ ಹಳೆಯ ತ್ರಿಬಲ್ ಸೈಕಲ್ಲಿನ 22ಕ್ಕೆ 34 ಅಂದರೂ 0.65. ಹಳೇದು ಅಂತ ಮೂಗು ಮುರಿಯುವ ಹಾಗಿಲ್ಲ. ತೊಂದರೆ ಇರೋದು ಕಡಿಮೆ ಬೆಲೆಯ 24ಕ್ಕೆ 28ರಲ್ಲಿ, ಅದು 0.86. ಪ್ರತಿ ತುಳಿತಕ್ಕೆ ಮೂರನೇ ಒಂದು ಭಾಗ ಹೆಚ್ಚು ಬಲ ಬೇಕು. ಅಂಥ 7 ಸ್ಪೀಡ್ ಸೈಕಲ್ಲಿಗೆ 14–34ರ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿದರೆ 0.71ಕ್ಕೆ ಇಳಿಯುತ್ತೆ. ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಅಷ್ಟು ದೊಡ್ಡ ಹಲ್ಲು ತಡೆದುಕೊಳ್ಳುತ್ತಾ, ಚೈನ್ ಉದ್ದ ಸಾಲುತ್ತಾ ಅಂತ ಮೊದಲು ಮೆಕ್ಯಾನಿಕ್ ಹತ್ತಿರ ಕೇಳಿ. 0.64ರಲ್ಲಿ ಒಂದು ಸುತ್ತು ತುಳಿದರೆ 29ರ ಚಕ್ರ ಸುಮಾರು 1.47 ಮೀಟರ್ ಮುಂದೆ ಹೋಗುತ್ತೆ, ನಿಮಿಷಕ್ಕೆ 60 ಸುತ್ತಿಗೆ ಗಂಟೆಗೆ 5.3 ಕಿಲೋಮೀಟರ್. ಈ ವೇಗದಲ್ಲಿ ನೂರಕ್ಕೆ 22ರ ಏರಿಗೆ ನನ್ನ ಒಟ್ಟು 84 ಕಿಲೋ ಎತ್ತಲಿಕ್ಕೇ ಸುಮಾರು 260 ವ್ಯಾಟ್ ಬೇಕು, ಗರಸಿನ ಎಳೆತ ಬೇರೆ. ಆ 40 ಮೀಟರ್ ದಾಟಲು ಹತ್ತಿರ ಹತ್ತಿರ ಅರ್ಧ ನಿಮಿಷ. ಎರಡನೇ ಸುತ್ತಿನಲ್ಲಿ ಇಳಿದು ತಳ್ಳಿದರೆ ಯಾರೂ ನಗೋದಿಲ್ಲ, ನಕ್ಕವರನ್ನು ಸೀಟಿನ ಮೇಲೆ ಕೂರಿಸಿ.

ಗೇರ್ ಬದಲಿಸೋದು ಏರು ಶುರುವಾಗುವುದಕ್ಕೆ ಹತ್ತು ಹದಿನೈದು ಮಾರು ಮೊದಲೇ. ಕಡಿದಿನ ನಡುವೆ ಪೂರ್ತಿ ಬಲ ಹಾಕಿ ತುಳಿಯುತ್ತಾ ಬದಲಿಸಿದರೆ ‘ಖಟಾರ್’ ಅನ್ನುತ್ತೆ, ಚೈನಿನ ಪಿನ್ನು ಬಾಯಿಬಿಡುತ್ತೆ. ಗುಡ್ಡದಲ್ಲಿ ಚೈನು ತುಂಡಾಗೋದು ಬಹುತೇಕ ಹೀಗೇ.

ಹತ್ತುವಾಗ ಎರಡು ಚಕ್ರಗಳು ಎರಡು ಥರ ಜಗಳ ತೆಗೆಯುತ್ತವೆ: ಮುಂದಿನದು ಎದ್ದೇಳುತ್ತೆ, ಹಿಂದಿನದು ಜಾರುತ್ತೆ. ಮುಂದಿನದು ಎದ್ದರೆ ಸೀಟಿನ ಮೂತಿಗೆ ಜರುಗಿ, ಮೊಣಕೈ ಮಡಚಿ ಕೆಳಗಿಳಿಸಿ, ಎದೆಯನ್ನು ಹ್ಯಾಂಡಲ್ ಹತ್ತಿರ ತನ್ನಿ. ಹಿಂದಿನದು ಜಾರಿದರೆ ಒಂದು ಇಂಚು ಹಿಂದಕ್ಕೆ ಕೂತು, ತುಳಿತವನ್ನು ಗುದ್ದದೆ ದುಂಡಗೆ ಮಾಡಿ. ಎದ್ದು ನಿಂತರೆ ಹಿಂದಿನ ಚಕ್ರದ ಮೇಲಿನ ಭಾರ ತಪ್ಪುತ್ತೆ, ಗರಸಿನಲ್ಲಿ ಅಲ್ಲಿಗೆ ಆಟ ಮುಗಿಯಿತು. ಕಣ್ಣು ಮುಂದಿನ ಚಕ್ರದ ಬುಡದಲ್ಲಿರಬಾರದು, ಎರಡು ಮೂರು ಮಾರು ಮೇಲಿರಬೇಕು. ನಡುವೆ ನಿಂತುಹೋದರೆ ನೇರ ಮೇಲಕ್ಕೆ ಮತ್ತೆ ಹೊರಡಲು ಹೋಗಬೇಡಿ. ಸೈಕಲ್ಲನ್ನು ದಾರಿಗೆ ಅಡ್ಡ ತಿರುಗಿಸಿ, ಮೇಲ್ಬದಿಯ ಕಾಲನ್ನು ನೆಲದಲ್ಲಿಟ್ಟು, ಇನ್ನೊಂದು ಪೆಡಲ್ ಎರಡು ಗಂಟೆಯ ಮುಳ್ಳಿನ ಜಾಗಕ್ಕೆ ತಂದು, ಅಡ್ಡಕ್ಕೇ ಹೊರಟು ಆಮೇಲೆ ಮೇಲೆ ತಿರುಗಿಸಿ.

ಇಳಿಯುವಾಗ ಮೊದಲ ಕೆಲಸ ಸೀಟು ಇಳಿಸೋದು. ಗುಂಡಿ ಒತ್ತಿದರೆ ಇಳಿಯುವ ಸೀಟ್ ಕಂಬ (ಡ್ರಾಪರ್ ಪೋಸ್ಟ್) ಇದ್ದರೆ ಹೆಬ್ಬೆರಳಿನ ಕೆಲಸ. ಇಲ್ಲದಿದ್ದರೆ ಹತ್ತುವ ಎತ್ತರಕ್ಕೆ ಸೀಟ್ ಕಂಬಕ್ಕೆ ಇನ್ಸುಲೇಷನ್ ಟೇಪಿನ ಒಂದು ಸುತ್ತು ಹಾಕಿ, ತುದಿಯಲ್ಲಿ ನಿಂತು ಆರೇಳು ಸೆಂಟಿಮೀಟರ್ ಇಳಿಸಿ. ಆಮೇಲೆ ಪೆಡಲ್‌ಗಳು ನೆಲಕ್ಕೆ ಸಮ, ಹಿಮ್ಮಡಿ ಕೆಳಗೆ, ಸೊಂಟದಿಂದ ಬಗ್ಗಿ, ಭಾರವೆಲ್ಲ ಕಾಲಿನ ಮೇಲೆ. ‘ಹಿಂದಕ್ಕೆ ಬಾಗು, ಹಿಂದಕ್ಕೆ ಬಾಗು’ ಅಂತ ಎಲ್ಲರೂ ಕೂಗುತ್ತಾರೆ. ಅದನ್ನು ನಂಬಿ ಹಿಂದಿನ ಟೈರಿನ ಮೇಲೆ ಹೋಗಿ ಕೂತರೆ ಮುಂದಿನ ಚಕ್ರ ಹಗುರಾಗಿ, ತಿರುಗಿಸಿದರೂ ತಿರುಗದೆ, ಬ್ರೇಕ್ ಹಿಡಿದರೂ ಕಚ್ಚದೆ ನೇರ ಧರೆಯ ಕಡೆಗೆ ಹೋಗುತ್ತೆ. ಕೈಗಳ ಮೇಲೆ ಭಾರ ಬೀಳುತ್ತಿದ್ದರೆ ಸ್ವಲ್ಪ ಹಿಂದೆ, ಕೈಗಳು ಎಳೆಯುತ್ತಿದ್ದರೆ ಸ್ವಲ್ಪ ಮುಂದೆ. ಅಷ್ಟೇ ಅಳತೆ.

ಬ್ರೇಕಿಗೆ ಒಂದೊಂದೇ ತೋರುಬೆರಳು ಸಾಕು. ಇಳಿಜಾರಿನಲ್ಲಿ ಭಾರ ಮುಂದೆ ಸರಿಯೋದರಿಂದ ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕಿನದು. ಅದಕ್ಕೆ ಹೆದರಿ ಹಿಂದಿನದನ್ನೇ ಒತ್ತಿದರೆ ಚಕ್ರ ಎಳೆದುಕೊಂಡು ಹೋಗಿ ದಾರಿಯಲ್ಲಿ ಗೀರು ಬೀಳುತ್ತೆ. ಮುಂದಿನ ಮಳೆಗೆ ಆ ಗೀರೇ ಕಾಲುವೆ. ಗರಸಿರುವ ಕಡೆ ಬ್ರೇಕ್ ಹಿಡಿಯಬೇಕಾದದ್ದು ಅದಕ್ಕೆ ಮೊದಲಿನ ಗಟ್ಟಿ ನೆಲದಲ್ಲಿ, ಅಂದರೆ ನಡೆದು ಗುರುತು ಮಾಡಿದ್ದ ಆ ಸಿಲ್ವರ್ ಓಕ್ ಹತ್ತಿರ. ಗರಸಿನೊಳಗೆ ಹೋದಮೇಲೆ ಮುಂದಿನದನ್ನು ಹೆಚ್ಚುಕಡಿಮೆ ಬಿಟ್ಟು, ಸೈಕಲ್ಲನ್ನು ಉರುಳಲು ಬಿಡಬೇಕು. ತಿರುವಿನಲ್ಲಿ ಬ್ರೇಕ್ ಹಿಡಿದೇ ಹ್ಯಾಂಡಲ್ ತಿರುಗಿಸಿದವರು ಒಳಮಗ್ಗುಲಿಗೆ ಮಲಗುತ್ತಾರೆ. ಹಲಸು, ಅತ್ತಿಯ ಬೇರು ದಾರಿಗೆ ಓರೆಯಾಗಿದ್ದರೆ, ಅದರಲ್ಲೂ ಒದ್ದೆಯಿದ್ದರೆ, ಬೇರಿಗೆ ನೇರ ಅಡ್ಡಲಾಗಿ ದಾಟಿ. ದಾಟುವ ಆ ಒಂದು ಕ್ಷಣ ಬ್ರೇಕು ಬೇಡ, ತುಳಿತವೂ ಬೇಡ.

ಹೊಸ ಬ್ರೇಕ್ ಪ್ಯಾಡ್ ಹಾಕಿದ ದಿನವೇ ಗುಡ್ಡಕ್ಕೆ ಹೋಗಬಾರದು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದ ಹಾಗೆ, ಒಂದೊಂದು ಬ್ರೇಕಿನಲ್ಲೂ ಇಪ್ಪತ್ತು ಸಲ ಇಳಿಸಿದರೆ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುತ್ತೆ. ರೆಸಿನ್ ಪ್ಯಾಡ್ ಸದ್ದಿಲ್ಲದ್ದು, ಬೇಸಿಗೆಗೆ ಚೆನ್ನ. ಒದ್ದೆ ಕೆಂಪು ಕೆಸರು ಅದಕ್ಕೆ ಸಾಣೆಕಲ್ಲು, ಬೇಗ ತೇದುಹೋಗುತ್ತೆ. ನೆಲ ಒದ್ದೆಯಿರುವ ತಿಂಗಳುಗಳಿಗೆ ಲೋಹ ಬೆರೆತ ಪ್ಯಾಡ್ ಹಾಕುತ್ತೇನೆ, ಆದರೆ ‘ರೆಸಿನ್ ಮಾತ್ರ’ ಅಂತ ಕೊರೆದಿರುವ ಡಿಸ್ಕಿಗೆ ಅದು ಸಲ್ಲದು. ಪ್ಯಾಡಿನ ಪದರ ಅರ್ಧ ಮಿಲಿಮೀಟರಿಗೆ ಬಂದರೆ ಬದಲಿಸಿ. ಶಿಮಾನೊ ಡಿಸ್ಕ್ ಹೊಸದರಲ್ಲಿ 1.8 ಮಿಲಿಮೀಟರ್, 1.5ಕ್ಕೆ ಬಂದರೆ ಅದೂ ಹೋಯಿತು. ಚೈನಿಗೆ ಸ್ಪ್ರೇ ಎಣ್ಣೆ ಹೊಡೆಯೋದು ಬೇಡ, ಹಬೆ ಹಾರಿ ಡಿಸ್ಕಿನ ಮೇಲೆ ಕೂರುತ್ತೆ. ಆಮೇಲೆ ಊರೆಲ್ಲ ಕೇಳೋ ಹಾಗೆ ಕಿರುಚುತ್ತೆ, ನಿಲ್ಲೋದೂ ಇಲ್ಲ. ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ನೆಲದ ಹದ ತಿಂಗಳಿಂದ ತಿಂಗಳಿಗೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಗುಡ್ಡಕ್ಕೆ ಹೋಗೋದಿಲ್ಲ. ದಾರಿ ಹಾಳಾಗುತ್ತೆ, ತೋಟದ ಕಾಂಕ್ರೀಟ್ ಪಟ್ಟಿಗಳ ಮೇಲೆ ಪಾಚಿ, ಪೊದೆಯಲ್ಲಿ ಇಂಬಳ. ಅಕ್ಟೋಬರ್ ಕೊನೆಗೆ ಮಣ್ಣು ಹದಕ್ಕೆ ಬರುತ್ತೆ. ಹಾಗೆಯೇ ಮಾರ್ಚ್–ಏಪ್ರಿಲ್‌ನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮರುದಿನ, ಅದರ ಮರುದಿನ. ವರ್ಷದ ಅತ್ಯುತ್ತಮ ಹಿಡಿತ ಸಿಗೋದು ಆಗ. ನವೆಂಬರ್‌ನಿಂದ ಕೊಯ್ಲು. ಆಳುಗಳು ಚೀಲ ಹೊತ್ತು ಬರುವ ದಾರಿಯಲ್ಲಿ ಸೈಕಲ್ ಇಳಿಸಬಾರದು. ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಪೈಪು ಅಡ್ಡ ಮಲಗಿರುತ್ತವೆ. ಅಲ್ಯೂಮಿನಿಯಂ ಪೈಪಿನ ಮೇಲೆ ಹತ್ತಿಸಬೇಡಿ, ಇಳಿದು ಸೈಕಲ್ ಎತ್ತಿ ದಾಟಿ. ಸಿಲ್ವರ್ ಓಕ್‌ನ ಒಣ ಎಲೆ ಗಾಜಿನ ಹಾಗೆ ಜಾರುತ್ತೆ. ಅದಕ್ಕಿಂತ ಕೆಟ್ಟದ್ದೆಂದರೆ ಅದರಡಿ ಮುಚ್ಚಿಹೋದ ತೊಟ್ಟಿಲು ಗುಂಡಿ. ಗಿಡದ ಸಾಲಿನ ನಡುವೆ ನೀರಿಂಗಲು ತೆಗೆದಿರುವ ಆ ಗುಂಡಿಗೆ ಮುಂದಿನ ಚಕ್ರ ಇಳಿದರೆ ಸವಾರ ಹ್ಯಾಂಡಲ್ ಮೇಲಿಂದ ಹೋಗುತ್ತಾನೆ. ಹಾಗಾಗಿ ಅಡ್ಡದಾರಿ ಹಿಡಿಯೋದಿಲ್ಲ. ಉಣಗೋಲು ಸರಿಸಿದರೆ ಮತ್ತೆ ಹಾಕಿಯೇ ಮುಂದಿನ ಕೆಲಸ. ರಿಸರ್ವ್ ಫಾರೆಸ್ಟ್, ಮುತ್ತೋಡಿ ಕಡೆಯ ಭದ್ರಾ ಹುಲಿ ಕಾಡು, ಗಿರಿಯ ಹುಲ್ಲುಗಾವಲು ಇವಕ್ಕೆ ಟೈರು ಹಾಕುವ ಮಾತೇ ಇಲ್ಲ. ಮೂಡಿಗೆರೆ, ಆಲೂರು, ಸಕಲೇಶಪುರ ಕಡೆಯವರು ಆನೆ ಎಲ್ಲಿದೆ ಅಂತ ಆ ಬೆಳಗ್ಗೆಯೇ ವಿಚಾರಿಸದೆ ಹೊರಡಬಾರದು.

ಚೀಲದಲ್ಲಿ ಟ್ಯೂಬ್ ಒಂದು, ಪ್ಲಗ್ ಕಿಟ್, ಪಂಪು, 4–5–6 ಅಲೆನ್ ಕೀ, ಟಿ25, ಚೈನ್ ಕಟರ್, ಎರಡು ಕ್ವಿಕ್ ಲಿಂಕ್. ಇವೆಲ್ಲ ಯಾರಾದರೂ ಹೇಳುತ್ತಾರೆ. ಮರೆಯೋದು ಡಿರೇಲರ್ ಹ್ಯಾಂಗರ್, ಅಂದರೆ ಡಿರೇಲರನ್ನು ಸೈಕಲ್ಲಿನ ಚೌಕಟ್ಟಿಗೆ ಹಿಡಿದಿಡುವ ತುಂಡು. ಕಾಫಿ ಗಿಡದ ಕಾಂಡಕ್ಕೆ ತಾಗಿ ಬಗ್ಗುವುದಕ್ಕೆಂದೇ ಮಾಡಿರುವ ಆ ಪುಟ್ಟ ತುಂಡು ಒಂದೊಂದು ಸೈಕಲ್ಲಿಗೂ ಬೇರೆ ಬೇರೆ ಆಕಾರದ್ದು, ನಮ್ಮೂರಿನ ಅಂಗಡಿಯಲ್ಲಿ ಕೇಳಿದ ದಿನವೇ ಸಿಗೋದಿಲ್ಲ. ಸೈಕಲ್ ಕೊಳ್ಳುವಾಗಲೇ ಎರಡು ತರಿಸಿಕೊಳ್ಳಬೇಕು.

ಹಿಂದಿನ ಸಂಜೆ ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೆ ಒಂದು ಫೋನು: ‘ಅಣ್ಣ, ನಾಳೆ ಯಾವ ಪ್ಲಾಟಲ್ಲಿ ಕೆಲಸ?’ ಮೇಲಿನ ಪ್ಲಾಟು ಅಂದರೆ ಗೋಮಾಳದ ಕಡೆಯ ಗಿಡ್ಡ ಸುತ್ತು. ಔಷಧಿ ಹೊಡೀತಾರೆ ಅಂದರೆ ಅವತ್ತು ಸೈಕಲ್ ಮನೆಯಲ್ಲೇ, ಚೈನ್ ತೊಳೆಯೋ ದಿನ.