ಒಂದನೇ ಕ್ಲಾಸಿಗೆ ಸರ್ಕಾರಿಯಾ, ಖಾಸಗಿಯಾ? ಅರ್ಜಿ ತುಂಬುವ ಮೊದಲು ಹೀಗೆ ಮಾಡಿ

ಸರ್ಕಾರಿ ಶಾಲೆ ಒಳ್ಳೆಯದಾ, ಖಾಸಗಿ ಶಾಲೆ ಒಳ್ಳೆಯದಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಯಾವ ಊರಿನ ಯಾವ ಶಾಲೆ? ಒಂದೇ ತಾಲ್ಲೂಕಿನಲ್ಲಿ ಸೀಟಿಗೆ ಪೋಷಕರು ಸಾಲು ನಿಲ್ಲುವ ಸರ್ಕಾರಿ ಶಾಲೆಯೂ ಇರುತ್ತದೆ, ಐದು ಕ್ಲಾಸಿಗೆ ಒಬ್ಬರೇ ಮೇಷ್ಟ್ರಿರುವ ಸರ್ಕಾರಿ ಶಾಲೆಯೂ ಇರುತ್ತದೆ. ಖಾಸಗಿಯಲ್ಲೂ ಅಷ್ಟೇ. ಹಾಗಾಗಿ ನಿಮ್ಮ ಮಗು ದಿನಾ ಹೋಗಿ ಬರಬಹುದಾದ ಎರಡು ಮೂರು ಶಾಲೆಗಳನ್ನಷ್ಟೇ ಹೋಲಿಸಿ. ಉಳಿದ ವಾದ ನೆಂಟರ ಮದುವೆ ಮನೆಗೆ ಇರಲಿ.

1. ಪಟ್ಟಿ ಮಾಡಿ

ಶಾಲೆಗಳಲ್ಲಿ ಎರಡಲ್ಲ, ಮೂರು ಬಗೆ. ಸರ್ಕಾರಿ, ಅನುದಾನಿತ, ಅನುದಾನರಹಿತ. ಅನುದಾನಿತ ಶಾಲೆಯಲ್ಲಿ ಆಡಳಿತ ಮಂಡಳಿ ಖಾಸಗಿ, ಅನುದಾನಕ್ಕೆ ಒಳಪಟ್ಟ ಶಿಕ್ಷಕರ ಸಂಬಳ ಸರ್ಕಾರದ್ದು. ಇದನ್ನು ಜನ ಮರೆತೇಬಿಡುತ್ತಾರೆ. ಸರ್ಕಾರಿಯಲ್ಲೇ ಕರ್ನಾಟಕ ಪಬ್ಲಿಕ್ ಶಾಲೆ ಹತ್ತಿರದಲ್ಲಿದ್ದರೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಮುಗಿಯುತ್ತದೆ. ಬೇರೆ ಸರ್ಕಾರಿ ಶಾಲೆಗಳು ಸಾಮಾನ್ಯವಾಗಿ 5ಕ್ಕೋ, 7ಕ್ಕೋ, 8ಕ್ಕೋ ನಿಲ್ಲುತ್ತವೆ. ಆಮೇಲೆ ಹೈಸ್ಕೂಲು ಎಷ್ಟು ದೂರ ಅಂತ ಈಗಲೇ ನೋಡಿಕೊಳ್ಳಿ.

ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ, ಅಂದರೆ ಸರ್ಕಾರಿ ದಾಖಲೆಯಲ್ಲಿ ಆ ಶಾಲೆಯ ಗುರುತಿನ ಸಂಖ್ಯೆ ಇರುತ್ತದೆ. ನಮ್ಮ ರಾಜ್ಯದ್ದು 29ರಿಂದ ಶುರು. ಹೇಳಲು ತಡವರಿಸುವ ಶಾಲೆಯನ್ನು ಪಟ್ಟಿಯಿಂದ ತೆಗೆದುಬಿಡಿ. ಗೇಟಿನ ಮೇಲೆ ಸಿಬಿಎಸ್‌ಇ ಎಂದಿದ್ದರೆ ಅಫಿಲಿಯೇಷನ್ ನಂಬರ್ ಕೇಳಿ. ಅನುಮತಿ ರಾಜ್ಯ ಪಠ್ಯಕ್ರಮಕ್ಕೆ ಮಾತ್ರ ಇದ್ದು, ಗೇಟಿನ ಬೋರ್ಡು ಬೇರೆ ಹೇಳುವುದುಂಟು.

'ಆರ್‌ಟಿಇಯಲ್ಲಿ ಖಾಸಗಿ ಶಾಲೆ ಫ್ರೀ ಸಿಗುತ್ತದಲ್ಲ' ಎಂದು ಕಾಯುವವರು ಇನ್ನೂ ಇದ್ದಾರೆ. ಆರ್‌ಟಿಇ ಅಂದರೆ ಶಿಕ್ಷಣ ಹಕ್ಕು ಕಾಯ್ದೆ. ಅದರಲ್ಲಿ ಖಾಸಗಿ ಶಾಲೆಯ ಶೇ 25 ಸೀಟು ಇರುವುದು ನಿಜ. ಆದರೆ ಕರ್ನಾಟಕದಲ್ಲಿ 2019–20ರಿಂದ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಸಿಗುವುದಿಲ್ಲ.

2. ಹತ್ತು ವರ್ಷದ ಲೆಕ್ಕ ಹಾಕಿ

ಈ ವರ್ಷದ ಫೀಸು ನೋಡಿ ಒಪ್ಪಿಕೊಳ್ಳಬೇಡಿ. ಒಂದನೇ ಕ್ಲಾಸಿಗೆ 40,000 ಅಂದುಕೊಳ್ಳಿ, ವರ್ಷಕ್ಕೆ ಶೇ 10 ಏರಿದರೆ ಹತ್ತನೇ ಕ್ಲಾಸಿಗೆ ಸುಮಾರು 94,000 ಆಗುತ್ತದೆ. ಹತ್ತು ವರ್ಷಕ್ಕೆ ಒಟ್ಟು 6.37 ಲಕ್ಷ. ವ್ಯಾನು, ಪುಸ್ತಕ, ಎರಡು ಜೊತೆ ಯೂನಿಫಾರಂ, ವಾರ್ಷಿಕೋತ್ಸವದ ಡ್ರೆಸ್ಸು ಇದರ ಹೊರಗೆ. ಎರಡನೇ ಮಗು ಇದ್ದರೆ ಕಾಗದ ತಿರುಗಿಸಿ ಇನ್ನೊಮ್ಮೆ ಬರೆಯಿರಿ.

ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶೂ, ಬಿಸಿಯೂಟ ಉಚಿತ. 2013ರಿಂದ ಹಾಲು. ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು. ಬೆಳಿಗ್ಗೆ ಬುತ್ತಿ ಕಟ್ಟುವ ತಾಯಿಗೆ ಇದರ ಬೆಲೆ ಗೊತ್ತು.

3. ಒಳಗೆ ಹೋಗಿ ನೋಡಿ

ಶಾಲೆ ನಡೆಯುತ್ತಿರುವ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಕಂಪ್ಯೂಟರ್ ಲ್ಯಾಬನ್ನು ತೋರಿಸುತ್ತಾರೆ, ನೀವು ಶೌಚಾಲಯ ಕೇಳಿ. ನಲ್ಲಿ ತಿರುಗಿಸಿ ನೋಡಿ.

ಸರ್ಕಾರಿ ಶಾಲೆಯಲ್ಲಿ ಕೇಳಬೇಕಾದ ಪ್ರಶ್ನೆ: ಖಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು? ಆರ್‌ಟಿಇ ಕಾಯ್ದೆ ಪ್ರಕಾರ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬರು. ಅಂಕಿ ಸರಿ ಇದ್ದರೂ ಜನಗಣತಿ, ಚುನಾವಣೆ, ತರಬೇತಿ ಅಂತ ಮೇಷ್ಟ್ರು ಹೊರಗೇ ಇದ್ದರೆ ಏನು ಪ್ರಯೋಜನ? ಇದೇ ಸರ್ಕಾರಿ ಶಾಲೆಯ ದೊಡ್ಡ ತೊಂದರೆ ಅಂತ ನನ್ನ ಅಭಿಪ್ರಾಯ. ಅಲ್ಲಿನ ಶಿಕ್ಷಕರು ಪರೀಕ್ಷೆ ಬರೆದು, ಆಯ್ಕೆಯಾಗಿ ಬಂದವರು. ಅವರಿಗೆ ಪಾಠ ಮಾಡಲು ಬಿಡುವುದಿಲ್ಲ.

ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂತಿದ್ದರೆ ಗಾಬರಿಯಾಗಬೇಡಿ. ಅದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಮಗು ತನ್ನ ವೇಗದಲ್ಲಿ ಕಾರ್ಡುಗಳ ಮೂಲಕ ಮುಂದೆ ಹೋಗುತ್ತದೆ. ಕಾರ್ಡುಗಳು ಸವೆದಿದ್ದರೆ ಪಾಠ ನಡೆಯುತ್ತಿದೆ ಎಂದರ್ಥ. ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನಿಸಿ.

ಖಾಸಗಿ ಶಾಲೆಯಲ್ಲಿ ಪ್ರಶ್ನೆ ಬೇರೆ: ಕಳೆದ ವರ್ಷ ಇದ್ದ ಒಂದನೇ ಕ್ಲಾಸಿನ ಮಿಸ್ ಈಗಲೂ ಇದ್ದಾರಾ? ಕಡಿಮೆ ಸಂಬಳದ ಶಾಲೆಗಳಲ್ಲಿ ಶಿಕ್ಷಕರು ಜಾಸ್ತಿ ದಿನ ನಿಲ್ಲುವುದಿಲ್ಲ. ಇನ್ನೊಂದು ವ್ಯತ್ಯಾಸ, ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ (ಶಾಲೆ ನೋಡಿಕೊಳ್ಳುವ ಸಮಿತಿ) ಪೋಷಕರೇ ಸದಸ್ಯರು. ಅನುದಾನರಹಿತ ಶಾಲೆಗೆ ಅಂಥ ಕಡ್ಡಾಯವಿಲ್ಲ. ಆದರೆ ಫೀಸು ಕೊಡುವವರು ಪ್ರಶ್ನೆ ಕೇಳುತ್ತಾರೆ, ಆ ಹೆದರಿಕೆಗೆ ಡೈರಿ, ಟೆಸ್ಟು, ಪೋಷಕರ ಸಭೆ ಸಮಯಕ್ಕೆ ಸರಿಯಾಗಿ ನಡೆಯುತ್ತವೆ. ಸರ್ಕಾರಿ ಶಾಲೆಯಲ್ಲಿ ಹಕ್ಕು ಇದೆ, ಸಭೆಗೆ ಹೋಗುವವರು ಕಡಿಮೆ.

4. ಸಂಜೆ ಐದಕ್ಕೆ ಮನೆಯಲ್ಲಿ ಯಾರಿದ್ದಾರೆ?

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಇದು. ಇಂಗ್ಲಿಷ್ ಮೀಡಿಯಂ ಶಾಲೆ ಡೈರಿಯಲ್ಲಿ ಬರೆದು ಕಳಿಸುವ ಅರ್ಧ ಕೆಲಸ ಅಪ್ಪ ಅಮ್ಮನಿಗೆ. ಅದನ್ನು ಓದಿ ಹೇಳಿಕೊಡುವವರು ಮನೆಯಲ್ಲಿ ಇಲ್ಲದಿದ್ದರೆ ಟ್ಯೂಷನ್. ಆಗ ಮಗು ಬೆಳಿಗ್ಗೆ ಎಂಟಕ್ಕೆ ವ್ಯಾನ್ ಹತ್ತಿ ರಾತ್ರಿ ಏಳಕ್ಕೆ ಮನೆ ಸೇರುತ್ತದೆ. ಮನೆಮಾತಿನಲ್ಲಿ ಕಲಿತ ಮಗುವಿಗೆ ಅಜ್ಜಿಯೂ ಲೆಕ್ಕ ಹೇಳಿಕೊಡಬಹುದು, ಅಲ್ವಾ? ಇಂಗ್ಲಿಷ್ ಬೇಕೇ ಬೇಕು ಅಂದರೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ವಿಭಾಗ ಇದೆಯಾ ವಿಚಾರಿಸಿ. 2019–20ರಿಂದ ಹಲವು ಕಡೆ ತೆರೆದಿದ್ದಾರೆ.

5. ಸಿಇಟಿ ಕೋಟಾ ನೆನಪಿರಲಿ

ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪಿಯುಸಿ ನಂತರದ ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಶೇ 5, ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಸೀಟು ಇದೆ. ಹಳ್ಳಿಯಲ್ಲೇ ಇದ್ದು ಮಗುವನ್ನು ದಿನಾ ಟೌನಿನ ಶಾಲೆಗೆ ವ್ಯಾನ್ ಹತ್ತಿಸಿದರೆ ಗ್ರಾಮೀಣ ಕೋಟಾ ಹೋಯಿತು. ಲೆಕ್ಕಕ್ಕೆ ಬರುವುದು ಶಾಲೆ ಇರುವ ಜಾಗ.

6. ಬದಲಿಸುವ ದಾರಿ ತಿಳಿದಿರಲಿ

ಸರಿ ಹೊಂದದಿದ್ದರೆ ಬದಲಿಸಬಹುದು, ಅವಮಾನವೇನಿಲ್ಲ. ನಾವೂ ಮಗಳನ್ನು ಮೂರನೇ ಕ್ಲಾಸಿಗೆ ಖಾಸಗಿಯಿಂದ ಸರ್ಕಾರಿಗೆ ಸೇರಿಸಿದೆವು. ಹಳೇ ಶಾಲೆಯವರು ಮುಂದಿನ ವರ್ಷದ ಫೀಸೂ ಕಟ್ಟಿ, ಆಮೇಲೆ ಟಿಸಿ ಎಂದರು. ಆರ್‌ಟಿಇ ಕಾಯ್ದೆ ಹಾಗೆ ಹೇಳುವುದಿಲ್ಲ. ಟಿಸಿ ಕೂಡಲೇ ಕೊಡಬೇಕು. ಟಿಸಿ ಬರುವುದು ತಡವಾಯಿತೆಂದು ಸರ್ಕಾರಿ ಶಾಲೆ ಎಂಟನೇ ಕ್ಲಾಸಿನವರೆಗೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರಹದಲ್ಲಿ ದೂರು ಕೊಟ್ಟು, ಸ್ವೀಕೃತಿ ಇಟ್ಟುಕೊಳ್ಳಿ. ನಮಗೆ ಟಿಸಿ ಸಿಕ್ಕಿದ್ದು ದಸರಾ ರಜೆ ಮುಗಿದ ಮೇಲೆ. ಅಷ್ಟರಲ್ಲಿ ಅವಳು ಹೊಸ ಶಾಲೆಯ ಖೋ ಖೋ ತಂಡದಲ್ಲಿದ್ದಳು.