ಸೀಳು ತುಟಿ: ಗ್ರಹಣದ ಲೆಕ್ಕ ಬಿಡ್ರಿ, ಈ ಲೆಕ್ಕ ಹಾಕ್ರಿ

2022ರ ಅಕ್ಟೋಬರ್ 25, ದೀಪಾವಳಿ ಟೈಮ್‌ನ್ಯಾಗ ಸೂರ್ಯಗ್ರಹಣ ಬಂತಲ್ರಿ, ಅವತ್ತ ಹುಬ್ಬಳ್ಳಿಯ ನಮ್ಮ ಮನ್ಯಾಗ ಆರು ತಿಂಗಳ ಬಸುರಿ ವೈನಿನ್ನ ಕಿಟಕಿ ಬಾಗಲಾ ಹಾಕಿ ಒಳಗ ಕುಂದ್ರಿಸಿದ್ರು, ಇಳಿಗಿ ಮುಟ್ಟಿದ್ರ ಕೂಸಿನ ತುಟಿ ಹರೀತೈತಿ ಅಂತ ಅವ್ವನ ಕಾವಲು ಬ್ಯಾರೆ. ಅಣ್ಣ ಮಾತ್ರ ಹೊರಗ ಕಟ್ಟಿ ಮ್ಯಾಲೆ ಕುಂತು ಸಿಗರೇಟ್ ಸೇದಾಕತ್ತಿದ್ದ, ಅವಂಗ ಯಾರೂ ಏನೂ ಅನ್ಲಿಲ್ಲ.

ಕೂಸಿನ ಮ್ಯಾಲಿನ ತುಟಿ ಕೂಡೋದು ಗರ್ಭ ನಿಂತ 4ರಿಂದ 7ನೇ ವಾರದಾಗ, ಅಂಗುಳ ಕೂಡೋದು 6ರಿಂದ 9ನೇ ವಾರದಾಗ. ಎರಡೂ ಕಡಿಯಿಂದ ಬೆಳದು ಬಂದದ್ದು ನಡುವ ಕೂಡಲಿಲ್ಲ ಅಂದ್ರ ಅಲ್ಲೇ ಸೀಳು. ಆರನೇ ತಿಂಗಳಾಗ ಇಳಿಗಿ ಮುಟ್ಟಿದ್ರೇನು ಬಿಟ್ರೇನು, ಆ ಕೆಲ್ಸ ಯಾವಾಗೋ ಮುಗದಿರ್ತೈತಿ. ಮುಟ್ಟು ತಪ್ಪಿ, ಕಿಟ್ ತಂದು ನೋಡಿ, ಡಾಕ್ಟರ್ ಕಡೆ ಹೋಗೋದ್ರಾಗ ಅರ್ಧ ವ್ಯಾಳೆ ಹೋಗಿರ್ತೈತಿ, ಅದಕ್ಕ ತಯಾರಿ ಕೂಸು ಬೇಕು ಅಂದಾಗನ ಶುರು ಆಗ್ಬೇಕು, ಗಂಡ ಹೆಂಡ್ತಿ ಇಬ್ರದೂ.

ಮೊದಲ ಒಂದು ಹಾಳಿ ತಗೋರಿ. ಎರಡೂ ಮನಿ ಕಡೆ ಯಾರಿಗಾದ್ರೂ ಸೀಳು ತುಟಿ ಇತ್ತೇನು ಬರೀರಿ. ಸೋದರಮಾವನ್ನೋ ಅತ್ತಿ ಮಗನ್ನೋ ಮದುವಿ ಆಗಿದ್ರ ಅದನ್ನೂ ಬರೀರಿ, ನಾಚೂದೇನಿಲ್ಲ, ನಮ್ಮ ಕಡೆ ಇದು ಮನಿಮನಿ ಕಥಿ. ಮೊದಲ ಕೂಸಿಗೆ ಸೀಳು ಇದ್ರ ಎರಡನೇದಕ್ಕ ಬರೋ ಸಾಧ್ಯತೆ ನೂರಕ್ಕ ಸುಮಾರು 2ರಿಂದ 5.

ಆಮ್ಯಾಗ ಮನ್ಯಾಗಿನ ಗುಳಿಗಿ ಚೀಟಿ ಎಲ್ಲಾ ಒಂದು ಕೈಚೀಲಕ್ಕ ಹಾಕ್ಕೊಂಡು ಡಾಕ್ಟರಿಗೆ ತೋರಸ್ರಿ. ಫಿಟ್ಸ್‌ಗೆ ಕೊಡೋ ವಾಲ್ಪ್ರೊಯೇಟ್, ಟೋಪಿರಮೇಟ್, ಫೆನಿಟಾಯಿನ್, ಮೊಡವಿಗೆ ನುಂಗೋ ಐಸೊಟ್ರೆಟಿನಾಯಿನ್, ಸಂಧಿವಾತದ ಮೆಥೊಟ್ರೆಕ್ಸೇಟ್, ಇವು ಕೂಸಿಗೆ ಆಗಿಬರೂದಿಲ್ಲ. ಆದ್ರ ಫಿಟ್ಸ್ ಗುಳಿಗಿ ನೀವ ನಿಲ್ಲಸಬ್ಯಾಡ್ರಿ, ಬಸುರಾಗ ಫಿಟ್ಸ್ ಬರೂದು ಅದಕ್ಕಿಂತ ದೊಡ್ಡ ಗಂಡಾಂತರ, ಗುಳಿಗಿ ಬದಲಿಸೋದು ಡಾಕ್ಟರ್ ಕೆಲ್ಸ. ಶುಗರ್ ಟೆಸ್ಟೂ ಅವತ್ತ ಮಾಡಿಸಿಬಿಡ್ರಿ.

ಫೋಲಿಕ್ ಆಸಿಡ್ ದಿನಾ 400 ಮೈಕ್ರೊಗ್ರಾಂ, ಬಸುರಾಗೋಕಿಂತ ಒಂದು ತಿಂಗಳ ಮೊದಲಿಂದನ. ಕೂಸಿನ ಬೆನ್ನುಹುರಿ ದೋಷ ತಡೀತೈತಿ ಅನ್ನೋದು ಪಕ್ಕಾ, ಸೀಳು ತುಟಿಗೆ ಅಷ್ಟು ಗಟ್ಟಿ ಪುರಾವೆ ಇಲ್ಲ, ಆದ್ರೂ ತಗೋರಿ.

ಈಗ ಗಂಡಸ್ರ ಪಾಳಿ. ತಾಯಿ ಸಿಗರೇಟ್ ಸೇದಿದ್ರ ಅಪಾಯ ಸುಮಾರು ಮೂರನೇ ಒಂದು ಪಾಲು ಜಾಸ್ತಿ. ನಮ್ಮ ಹೆಂಗಸ್ರು ಎಲ್ಲಿ ಸೇದ್ತಾರ್ರೀ ಅಂತೀರಿ, ಖರೇ, ಆದ್ರ ನೀವು ಸೇದಿದ ಹೊಗಿ ಆಕಿ ಮೂಗಿಗೂ ಹೋಗ್ತೈತಲ್ಲ, ಅದಕ್ಕೂ ಸೀಳು ತುಟಿಗೂ ನಂಟು ಐತಿ ಅಂತ ಕಂಡೈತಿ. ಹೊರಗ ಹೋಗಿ ಸೇದೋದಲ್ಲ, ಬಿಡೋದು. ಇನ್ನ ಹಾವೇರಿ ಕಡೆ ಮೆಣಸಿನಕಾಯಿ, ಹತ್ತಿ ಹೊಲಕ್ಕ ಎಣ್ಣಿ (ಕೀಟನಾಶಕ) ಹೊಡಿಯೋರು ಸಂಜಿಕ ಬಂದು ಆ ಅಂಗಿ ಬಿಚ್ಚಿ ಹೆಂಡ್ತಿ ಮುಂದ ಒಗೀತಾರ, ಆಕಿ ಬರಿಗೈಲೆ ತಿಕ್ಕತಾಳ. ಪುರಾವೆ ತಂಬಾಕಿನಷ್ಟು ಗಟ್ಟಿ ಇಲ್ಲ ಖರೆ, ಆದ್ರ ಒಂದು ವರ್ಷ ನಿಮ್ಮ ಅಂಗಿ ನೀವ ಒಕ್ಕೊಂಡ್ರ ಕೈ ಏನೂ ಸವೆಯೂದಿಲ್ಲ.

18ರಿಂದ 20ನೇ ವಾರದ ಸ್ಕ್ಯಾನಿಂಗ್ ತಪ್ಪಿಸಬ್ಯಾಡ್ರಿ. ತುಟಿ ಸೀಳು ಬಹಳ ಸಲ ಅದರಾಗ ಕಾಣ್ತೈತಿ, ಬರೇ ಅಂಗುಳದ್ದು ತಪ್ಪಿಸ್ಕೊಂತೈತಿ, ಅದಕ್ಕ ಹೆರಿಗಿ ಆದಮ್ಯಾಲೆ ಕೂಸಿನ ಬಾಯೊಳಗ ಬ್ಯಾಟರಿ ಬೆಳಕು ಬಿಟ್ಟು ನೋಡಾಕ ಹೇಳ್ರಿ.

ಇಷ್ಟೆಲ್ಲಾ ಮಾಡಿದ್ರೂ ಸೀಳು ಬರಬಹುದು, ಭಾಳ ಕೂಸುಗಳಿಗೆ ಇಂಥದ್ದ ಕಾರಣ ಅಂತ ಸಿಗೂದಿಲ್ಲ, ಹಂಗಾಗಿ ಬಾಣಂತಿ ಮುಂದ ನೀ ಏನ್ ತಿಂದಿದ್ದೀ, ಏನ್ ಹೆಚ್ಚಿದ್ದೀ ಅಂತ ಪಂಚಾಯ್ತಿ ಹಚ್ಚಬ್ಯಾಡ್ರಿ. ತುಟಿ ಆಪರೇಷನ್ 3ರಿಂದ 6 ತಿಂಗಳಿಗೆ, ಅಂಗುಳದ್ದು 9ರಿಂದ 18 ತಿಂಗಳೊಳಗ. ಧಾರವಾಡ ಸತ್ತೂರಿನ ಎಸ್‌ಡಿಎಂ ಡೆಂಟಲ್ ಕಾಲೇಜಿನ್ಯಾಗ ಇದಕ್ಕಂತನ ವಿಭಾಗ ಐತಿ, ಮಕ್ಕಳ ಆರೋಗ್ಯಕ್ಕಂತ ಇರೋ ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಯೋಜನ್ಯಾಗೂ ಸೀಳು ತುಟಿ ಸೇರೇತಿ, ಆಶಾ ಅಕ್ಕನ್ನ ಕೇಳ್ರಿ. ಆಪರೇಷನ್‌ಗೆ ಮೊದಲ ಕೂಸಿನ ತೂಕ, ರಕ್ತ ನೋಡ್ತಾರ, ಅದಕ್ಕ ಹಾಲು ಕುಡಿಸೋದು ಮೊದಲ ದಿನಾನ ನರ್ಸ್ ಕಡೆ ಕಲ್ತು ಬರ್ರಿ: ಮಲಗಿಸಿ ಅಲ್ಲ, ನೆಟ್ಟಗ ಎತ್ತಿ ಹಿಡ್ಕೊಂಡು, ಸ್ವಲ್ಪ ಸ್ವಲ್ಪ, ನಡುನಡುವ ತೇಗಿಸ್ಕೊಂತ.